ಚುನಾವಣೆ ‘ನಡೆಯಲೇಬೇಕು’, ಅಧಿಕಾರ ‘ಕೊಡಬಹುದು’: ಗೋವಾದ ಪಂಚಾಯತಿಗೆ ನಿಜಕ್ಕೂ ಸಿಕ್ಕಿದ್ದೇನು?

ಗೋವಾದಲ್ಲಿ ಗ್ರಾಮಸಭೆ ಭಾನುವಾರ ಕೂಡುತ್ತದೆ. ಝುವಾರಿನಗರ, ಸಾಂಕವಾಳ, ಚಿಖಲಿ ಕಡೆ ಹೋದರೆ ಸಭೆಯ ಹಿಂದಿನ ಸಾಲುಗಳಲ್ಲಿ ವಿಜಯಪುರ, ಬಾಗಲಕೋಟೆ, ಗದಗ ಕಡೆಯಿಂದ ಬಂದು ಇಲ್ಲೇ ಮತದಾರರಾದ ಕನ್ನಡದವರೂ ಕಾಣುತ್ತಾರೆ. ಕೇಳುವ ಪ್ರಶ್ನೆಗಳು ಸಣ್ಣವು: ಗಟಾರ ಕಟ್ಟಿಕೊಂಡಿದೆ, ಬೀದಿದೀಪ ಹತ್ತುತ್ತಿಲ್ಲ, ನಳದಲ್ಲಿ ನೀರಿಲ್ಲ. ಉತ್ತರವೂ ಬಹುತೇಕ ಒಂದೇ ಧಾಟಿಯದು. ದೀಪ ವಿದ್ಯುತ್ ಇಲಾಖೆಯದು, ನೀರು ಸರ್ಕಾರದ್ದು, ಗಟಾರಕ್ಕೆ ಹಣ ಬಂದಿಲ್ಲ. ಹಾಗಾದರೆ ನಾವು ವೋಟು ಹಾಕಿ ಕೂರಿಸಿದ ಪಂಚ್, ಅಂದರೆ ಪಂಚಾಯತಿ ಸದಸ್ಯ, ಮಾಡುವುದಾದರೂ ಏನು?

ಇದು ಒಂದು ಊರಿನ ಪ್ರಶ್ನೆಯಲ್ಲ. ಒಬ್ಬನ ಕೈಯಲ್ಲೋ, ಒಂದು ಪಕ್ಷದ ಕೈಯಲ್ಲೋ ಬಿಗಿಯಾಗಿದ್ದ ಆಡಳಿತ ಮುಗಿದ ಮೇಲೆ ಪೋರ್ಚುಗಲ್, ಫಿಲಿಪೀನ್ಸ್, ಪೋಲೆಂಡ್, ಇಂಡೋನೇಷ್ಯಾ ಎಲ್ಲವೂ ಇದೇ ಪ್ರಶ್ನೆಯನ್ನು ಎದುರಿಸಿದವು. ಆ ಸಾಲಿನಲ್ಲಿ ಗೋವಾವೂ ಇದೆ, ನಾವು ಹಾಗೆ ಯೋಚಿಸುವುದು ಕಡಿಮೆ ಅಷ್ಟೆ.

ವಿಕೇಂದ್ರೀಕರಣ ಎಂದರೆ ಒಂದಲ್ಲ, ಮೂರು

ಮುಂಬಯಿಯ ಮಾಟುಂಗಾದಲ್ಲಿ ಒಂದು ಉಡುಪಿ ಹೋಟೆಲ್ ಇದೆ ಎಂದುಕೊಳ್ಳಿ. ಮಾಲೀಕರು ಗೋವಾದ ವಾಸ್ಕೋದಲ್ಲಿ ಇನ್ನೊಂದು ಶಾಖೆ ತೆರೆಯುತ್ತಾರೆ. ಅದನ್ನು ನಡೆಸಲು ಮೂರು ದಾರಿಗಳಿವೆ.

ಮೊದಲನೆಯದು, ಸಂಬಳದ ಮ್ಯಾನೇಜರ್ ಇಡುವುದು. ದೋಸೆಯ ದರ, ಹುಡುಗರ ಪಗಾರ, ಯಾವ ಅಂಗಡಿಯ ತೆಂಗಿನಕಾಯಿ ಎಂಬುದೆಲ್ಲ ಮಾಟುಂಗಾದಲ್ಲೇ ತೀರ್ಮಾನ. ಮ್ಯಾನೇಜರ್ ವಾಸ್ಕೋದಲ್ಲಿ ಕೂತಿದ್ದರೂ ಕಣ್ಣೆಲ್ಲ ಫೋನಿನ ಮೇಲೆ. ಸರ್ಕಾರದಲ್ಲಿ ಜಿಲ್ಲಾಧಿಕಾರಿ, ಮಾಮ್ಲೇದಾರ್ (ನಮ್ಮ ತಹಶೀಲ್ದಾರ್), ತಲಾಠಿ (ಗ್ರಾಮ ಲೆಕ್ಕಿಗ) ಈ ಬಗೆಯವರು. ಕಚೇರಿ ಜನರ ಹತ್ತಿರ ಬಂದಿರುತ್ತದೆ, ಅಧಿಕಾರ ಬಂದಿರುವುದಿಲ್ಲ.

ಎರಡನೆಯದು ಗುತ್ತಿಗೆ. ‘ಕ್ಯಾಂಟೀನ್ ನೀನು ನಡೆಸು, ನಮ್ಮ ಷರತ್ತು ಇವು, ಸರಿಹೋಗದಿದ್ದರೆ ವಾಪಸ್.’ ಸರ್ಕಾರದ ನಿಗಮಗಳು, ಪ್ರಾಧಿಕಾರಗಳು ಈ ಸಾಲಿಗೆ ಸೇರುತ್ತವೆ.

ಮೂರನೆಯದರಲ್ಲಿ ತಮ್ಮನನ್ನು ಕರೆದು ಗಲ್ಲಾದ ಬೀಗದ ಕೈಯನ್ನೇ ಕೊಡುತ್ತಾರೆ. ದರ ಅವನದು, ಹುಡುಗರನ್ನು ಇಡುವುದು ಬಿಡುವುದು ಅವನದು, ಲಾಭ ನಷ್ಟವೂ ಅವನದೇ. ಅವನು ಉತ್ತರ ಹೇಳಬೇಕಾದ್ದು ಮಾಟುಂಗಾದ ಅಣ್ಣನಿಗಲ್ಲ, ವಾಸ್ಕೋದ ಗಿರಾಕಿಗೆ. ಅಧಿಕಾರ ಹಸ್ತಾಂತರ ಎಂದರೆ ಇದು. ‘ವಿಕೇಂದ್ರೀಕರಣ ಮಾಡಿದ್ದೇವೆ’ ಎಂದು ಯಾವ ಸರ್ಕಾರ ಹೇಳಿದರೂ ಮೊದಲು ಕೇಳಬೇಕಾದದ್ದು, ಈ ಮೂರರಲ್ಲಿ ಯಾವುದು ಎಂದು.

ಬೀಗದ ಕೈ ಕೊಡುವಾಗಲೂ ಕೊಡಬೇಕಾದ ಗಂಟುಗಳು ಮೂರು. ನೆನಪಿಗೆ ಮೂರು ‘ಕ’ ಎಂದಿಟ್ಟುಕೊಳ್ಳೋಣ: ಕೆಲಸ, ಕೈಯಾಳು, ಕಾಸು. ಯಾವ ಕೆಲಸ ಯಾರದು ಎಂಬ ಪಟ್ಟಿ. ಅದನ್ನು ಮಾಡುವ ನೌಕರರು ಯಾರ ಮಾತು ಕೇಳಬೇಕು ಎಂಬ ಆದೇಶ. ಖರ್ಚಿಗೆ ಹಣ ಎಲ್ಲಿಂದ ಎಂಬ ಲೆಕ್ಕ. ಚುನಾವಣೆ ಈ ಮೂರರಲ್ಲಿ ಸೇರಿಲ್ಲ. ಅದು ಗಂಟು ಹೊರುವವರನ್ನು ಆರಿಸುವ ವಿಧಾನ ಮಾತ್ರ.

ರೆಜೆದೋರ್ ಹೋದ, ಪಂಚ್ ಬಂದ

ಪೋರ್ಚುಗೀಸ್ ಕಾಲದ ಗೋವಾದ ಏಣಿ ಹೀಗಿತ್ತು. ಎಲ್ಲಕ್ಕಿಂತ ಮೇಲೆ ಲಿಸ್ಬನ್. 1932ರಿಂದ 1968ರವರೆಗೆ ಅಲ್ಲಿ ಸಲಾಜಾರ್ ಪ್ರಧಾನಿ. ಲಿಸ್ಬನ್ ನೇಮಿಸಿದ ಗವರ್ನರ್ ಜನರಲ್ ಪಣಜಿಯಲ್ಲಿ. ಇಂದಿನ ತಾಲ್ಲೂಕಿಗೆ ಸಮವಾದ ‘ಕೊನ್ಸೇಲ್ಯು’ಗೊಬ್ಬ ಆಡಳಿತಾಧಿಕಾರಿ. ಅವನ ಕೆಳಗೆ ಊರಿಗೊಬ್ಬ ‘ರೆಜೆದೋರ್’. ಊರಿನ ಸುದ್ದಿ ಮೇಲೆ ಮುಟ್ಟಿಸುವುದು, ಮೇಲಿನ ಆಜ್ಞೆ ಊರಿಗೆ ಇಳಿಸುವುದು ಅವನ ಕೆಲಸ. ಅವನನ್ನು ಊರು ಆರಿಸುತ್ತಿರಲಿಲ್ಲ. ಸಭೆ ಸೇರಲು ಅನುಮತಿ ಬೇಕಿತ್ತು, ಮದುವೆಯ ಕರೆಯೋಲೆ ಅಚ್ಚು ಹಾಕಿಸುವುದಕ್ಕೂ ಸೆನ್ಸಾರಿನ ಒಪ್ಪಿಗೆ ಬೇಕಿತ್ತು. 1946ರ ಜೂನ್ 18ರಂದು ರಾಮಮನೋಹರ ಲೋಹಿಯಾ ಮಡಗಾಂವಿನಲ್ಲಿ ಭಾಷಣಕ್ಕೆ ನಿಂತದ್ದಕ್ಕೇ ಬಂಧನವಾಯಿತು.

1961ರ ಡಿಸೆಂಬರ್ 19ರಂದು ಈ ಆಳ್ವಿಕೆ ಮುಗಿಯಿತು. ಮೊದಲ ಕೆಲವು ತಿಂಗಳು ಮೇಜರ್ ಜನರಲ್ ಕ್ಯಾಂಡೆತ್ ಅವರ ಸೇನಾ ಆಡಳಿತ, 1962ರ ಜೂನ್‌ನಲ್ಲಿ ನಾಗರಿಕ ಆಡಳಿತ. ಆಮೇಲೆ ನಡೆದ ಕ್ರಮ ಗಮನಿಸಬೇಕಾದದ್ದು. 1962ರಲ್ಲೇ ಗ್ರಾಮ ಪಂಚಾಯತಿ ನಿಯಮಾವಳಿ ಬಂತು, ಅದೇ ವರ್ಷ ಪಂಚಾಯತಿ ಚುನಾವಣೆಯೂ ಆಯಿತು. ವಿಧಾನಸಭೆಯ ಮೊದಲ ಚುನಾವಣೆ ನಡೆದದ್ದು 1963ರ ಡಿಸೆಂಬರ್‌ನಲ್ಲಿ, ದಯಾನಂದ ಬಾಂದೋಡ್ಕರ್ ಮುಖ್ಯಮಂತ್ರಿಯಾದದ್ದು ಅದರ ನಂತರ. ಅಂದರೆ ಗೋವಾದವರು ಶಾಸಕನನ್ನು ಆರಿಸುವ ಮೊದಲೇ ಪಂಚನನ್ನು ಆರಿಸಿದ್ದರು.

ಇಲ್ಲೊಂದು ವಿಚಿತ್ರವಿದೆ. ಗೋವಾವನ್ನು ಆಳುತ್ತಿದ್ದ ಪೋರ್ಚುಗಲ್ಲಿನಲ್ಲಿ ಪುರಸಭೆಯ ಅಧ್ಯಕ್ಷರನ್ನು ಸರ್ಕಾರವೇ ನೇಮಿಸುತ್ತಿತ್ತು. 1974ರ ಏಪ್ರಿಲ್ 25ರ ಕ್ರಾಂತಿ ಸರ್ವಾಧಿಕಾರವನ್ನು ಕೆಡವಿ, 1976ರಲ್ಲಿ ಹೊಸ ಸಂವಿಧಾನ ಬಂದ ಮೇಲೆಯೇ ಅಲ್ಲಿ ಮುಕ್ತವಾದ ಸ್ಥಳೀಯ ಚುನಾವಣೆ ನಡೆದದ್ದು, ಆ ವರ್ಷದ ಡಿಸೆಂಬರ್ 12ರಂದು. ಆಳಿದವರ ಹಳ್ಳಿಗೆ ಸಿಕ್ಕುವ 14 ವರ್ಷ ಮೊದಲೇ ಆಳಿಸಿಕೊಂಡವರ ಹಳ್ಳಿಗೆ ಮತಪೆಟ್ಟಿಗೆ ಬಂದಿತ್ತು.

ಗಾಂವಕರಿ ಇತ್ತಲ್ಲ?

‘ಗೋವಾದ ಊರುಗಳಿಗೆ ಸ್ವಂತ ಆಡಳಿತ ಮೊದಲೇ ಇತ್ತು’ ಎನ್ನುವವರ ಮಾತೂ ಸುಳ್ಳಲ್ಲ. ಪೋರ್ಚುಗೀಸರು ಬರುವುದಕ್ಕೆ ಮುಂಚಿನಿಂದಲೇ ಗಾಂವಕರಿ ಇತ್ತು. ಊರನ್ನು ಮೊದಲು ನೆಲೆಗೊಳಿಸಿದ ಮನೆತನಗಳು ಜಮೀನನ್ನು ಒಟ್ಟಾಗಿ ಇಟ್ಟುಕೊಂಡು, ಹರಾಜಿನಲ್ಲಿ ಸಾಗುವಳಿಗೆ ಕೊಟ್ಟು, ಖರ್ಚು ಕಳೆದು ಉಳಿದದ್ದನ್ನು ‘ಝೊಣ್’ ಎಂಬ ಪಾಲಾಗಿ ಹಂಚಿಕೊಳ್ಳುತ್ತಿದ್ದವು. 1526ರಲ್ಲಿ ಅಫೊನ್ಸೊ ಮೆಶಿಯಾ ಈ ಪದ್ಧತಿಯನ್ನು ಬರೆದಿಡಿಸಿದ. ಮುಂದೆ ಇದಕ್ಕೆ ‘ಕೊಮುನಿದಾದ್’ ಎಂಬ ಹೆಸರು ಬಿತ್ತು. ಇವತ್ತಿಗೂ ಕೊಮುನಿದಾದುಗಳಿವೆ, ಅವುಗಳ ಸಂಹಿತೆ 1961ರದು.

ಆದರೆ ಕೊಮುನಿದಾದ್ ಬೇರೆ, ಪಂಚಾಯತಿ ಬೇರೆ. ಕೊಮುನಿದಾದಿನ ಸದಸ್ಯತ್ವ ಹುಟ್ಟಿನಿಂದ, ಗಂಡು ಸಂತತಿಯ ದಾರಿಯಲ್ಲಿ ಬರುತ್ತದೆ. ಪಂಚಾಯತಿಯಲ್ಲಿ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಗ್ರಾಮಸಭೆಯ ಸದಸ್ಯರು, ಊರಿಗೆ ಬಂದು ಐದು ತಲೆಮಾರಾಗಿರಲಿ, ಐದು ವರ್ಷವಾಗಿರಲಿ. ಹೊರಗಿನಿಂದ ಬಂದವರಿಗೆ ಈ ವ್ಯತ್ಯಾಸ ಕೈಗೆ ತಾಕುವುದು ಮನೆಯ ವಿಷಯದಲ್ಲಿ. ಪಂಚಾಯತಿ ಮನೆ ನಂಬರು ಕೊಟ್ಟು ಘರಪಟ್ಟಿ (ಮನೆ ತೆರಿಗೆ) ತುಂಬಿಸಿಕೊಂಡಿದೆ ಎಂದ ಮಾತ್ರಕ್ಕೆ ಕೆಳಗಿನ ಕೊಮುನಿದಾದ್ ಜಾಗ ನಿಮ್ಮದಾಗುವುದಿಲ್ಲ. ಘರಪಟ್ಟಿಯ ರಸೀದಿ ತೆರಿಗೆ ಕಟ್ಟಿದ್ದಕ್ಕೆ ಪುರಾವೆ, ಒಡೆತನಕ್ಕಲ್ಲ. ಈ ಒಂದು ತಪ್ಪು ತಿಳಿವಳಿಕೆಯಿಂದ ಏಜೆಂಟರ ಕೈಗೆ ಲಕ್ಷಗಟ್ಟಲೆ ಕೊಟ್ಟು ಕೂತವರಿದ್ದಾರೆ.

ಎರಡು ಕ್ರಿಯಾಪದಗಳ ನಡುವೆ

ಈಗ ಸಂವಿಧಾನಕ್ಕೆ ಬರೋಣ. ಪಂಚಾಯತಿಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. ನಗರಗಳಿಗಾಗಿ 74ನೆಯದು ಅದೇ ಜೂನ್ 1ರಂದು. ಅದಕ್ಕೆ ಹೊಂದುವಂತೆ ಗೋವಾ ಮಾಡಿಕೊಂಡದ್ದು 1994ರ ಪಂಚಾಯತ್ ರಾಜ್ ಕಾಯ್ದೆ. ಇಂದು ಗೋವಾದಲ್ಲಿ 191 ಗ್ರಾಮ ಪಂಚಾಯತಿಗಳು, ಎರಡು ಜಿಲ್ಲಾ ಪಂಚಾಯತಿಗಳು. ಕರ್ನಾಟಕದಲ್ಲಿರುವ ತಾಲ್ಲೂಕು ಪಂಚಾಯತಿ ಇಲ್ಲೇಕಿಲ್ಲ ಎಂದರೆ, ಜನಸಂಖ್ಯೆ 20 ಲಕ್ಷ ಮೀರದ ರಾಜ್ಯ ನಡುವಿನ ಹಂತವನ್ನು ಬಿಡಬಹುದು ಎಂದು ಸಂವಿಧಾನವೇ ಹೇಳುತ್ತದೆ. 2011ರ ಗಣತಿಯಲ್ಲಿ ಗೋವಾದ ಜನಸಂಖ್ಯೆ 14.58 ಲಕ್ಷ.

ತಿದ್ದುಪಡಿಯನ್ನು ಓದುವಾಗ ವಾಕ್ಯದ ಕೊನೆಯ ಕ್ರಿಯಾಪದದ ಮೇಲೆ ಕಣ್ಣಿಡಬೇಕು. ಅವಧಿ ಐದು ವರ್ಷ, ಅದು ಮುಗಿಯುವುದರೊಳಗೆ ಚುನಾವಣೆ ಮುಗಿದಿರ‘ಬೇಕು’. ಇದು 243-ಇ ವಿಧಿ. ಮಹಿಳೆಯರಿಗೆ ಮೂರನೇ ಒಂದರಷ್ಟಾದರೂ ಸ್ಥಾನ ಮೀಸಲಿರ‘ಬೇಕು’. ರಾಜ್ಯ ಚುನಾವಣಾ ಆಯೋಗ ಇರ‘ಬೇಕು’. ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗ ರಚಿಸ‘ಬೇಕು’. ಆದರೆ ಅಧಿಕಾರದ ಮಾತು ಬರುವ 243-ಜಿ ವಿಧಿಯಲ್ಲಿ ಧಾಟಿ ಬದಲಾಗುತ್ತದೆ: ಸ್ವಯಮಾಡಳಿತಕ್ಕೆ ಅಗತ್ಯವಾದ ಅಧಿಕಾರವನ್ನು ರಾಜ್ಯ ಶಾಸನಸಭೆ ಕಾನೂನಿನ ಮೂಲಕ ಕೊಡ‘ಬಹುದು’. 11ನೇ ಅನುಸೂಚಿಯ 29 ವಿಷಯಗಳು, ಅಂದರೆ ಕುಡಿಯುವ ನೀರು, ರಸ್ತೆ, ಪ್ರಾಥಮಿಕ ಶಾಲೆ, ಆರೋಗ್ಯ ಇತ್ಯಾದಿ, ಈ ‘ಬಹುದು’ವಿನ ಅಡಿಯಲ್ಲಿವೆ. ತೆರಿಗೆ ಹಾಕುವ ಅಧಿಕಾರವೂ ಅಷ್ಟೇ, 243-ಎಚ್‌ನಲ್ಲಿ ಅದೇ ‘ಬಹುದು’.

ಭಾನುವಾರದ ಗ್ರಾಮಸಭೆಯ ಎಲ್ಲ ‘ಅದು ನಮ್ಮದಲ್ಲ’ಗಳೂ ಹುಟ್ಟುವುದು ಈ ಎರಡು ಕ್ರಿಯಾಪದಗಳ ನಡುವಿನ ಸಂದಿಯಲ್ಲಿ.

ಚುನಾವಣೆಯ ‘ಬೇಕು’ ಇಷ್ಟು ಗಟ್ಟಿಯಾಗಿ ಬಂದದ್ದಕ್ಕೆ ಹಿನ್ನೆಲೆ ಇದೆ, ಅದರಲ್ಲಿ ಕರ್ನಾಟಕದ ಪಾಲೂ ಇದೆ. 1975–77ರ ತುರ್ತುಪರಿಸ್ಥಿತಿಯ ನಂತರ ಬಂದ ಜನತಾ ಸರ್ಕಾರ 1977ರ ಡಿಸೆಂಬರ್‌ನಲ್ಲಿ ಪಂಚಾಯತ್ ರಾಜ್ ಕುರಿತು ಅಶೋಕ್ ಮೆಹ್ತಾ ಸಮಿತಿಯನ್ನು ನೇಮಿಸಿತು. ಸಮಿತಿ ಸೂಚಿಸಿದ ಎರಡು ಹಂತದ ವ್ಯವಸ್ಥೆಯನ್ನು ಕರ್ನಾಟಕ 1983ರ ಕಾಯ್ದೆಯಲ್ಲಿ ತಂದಿತು. ಅದರ ಹಿಂದೆ ನಿಂತವರು ಅಂದಿನ ಪಂಚಾಯತ್ ರಾಜ್ ಸಚಿವ, ‘ನೀರ್ ಸಾಬ್’ ಅಬ್ದುಲ್ ನಜೀರ್ ಸಾಬ್. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಯಿತು. ಜಿಲ್ಲಾ ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿಯನ್ನು ಕೂರಿಸಿದರು. ಕೇಳಲು ಸಣ್ಣ ವಿಷಯ. ಆದರೆ ಕಡತ ಯಾರ ಮೇಜಿಗೆ ಹೋಗಬೇಕು ಎಂಬುದನ್ನು ಅದೊಂದೇ ಬದಲಿಸಿತು. ಕೆಲಸ, ಕೈಯಾಳು, ಕಾಸು ಮೂರೂ ಒಟ್ಟಿಗೆ ಇಳಿದ ಅಪರೂಪದ ಸಂದರ್ಭ ಅದು. 1992ರಲ್ಲಿ ಅವಧಿ ಮುಗಿದಾಗ ಹೊಸ ಚುನಾವಣೆಯಾಗಲಿಲ್ಲ, ಆಡಳಿತಾಧಿಕಾರಿಗಳು ಬಂದು ಕೂತರು. ರಾಜ್ಯ ಕೊಟ್ಟದ್ದನ್ನು ರಾಜ್ಯವೇ ತಡೆಯಬಹುದಿತ್ತು, ಏಕೆಂದರೆ ಆಗ ಸಂವಿಧಾನದ ಕಾವಲು ಇರಲಿಲ್ಲ.

ಕಾವಲು ಬಂದ ಮೇಲೂ ಸಂದು ಸಿಗುತ್ತದೆ. ಮುಂಬಯಿ ಮಹಾನಗರಪಾಲಿಕೆಯ 227 ನಗರಸೇವಕರ ಅವಧಿ 2022ರ ಮಾರ್ಚ್ 7ಕ್ಕೆ ಮುಗಿಯಿತು. ಹಿಂದುಳಿದ ವರ್ಗಗಳ ಮೀಸಲಾತಿ, ವಾರ್ಡುಗಳ ಸಂಖ್ಯೆ ಕುರಿತ ಮೊಕದ್ದಮೆಗಳ ನಡುವೆ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಆಯುಕ್ತರೇ ಆಡಳಿತಾಧಿಕಾರಿ. ಪುಣೆಯಲ್ಲೂ ಅದೇ ಕಥೆ. ಆದರೂ ಮುಂಬಯಿಯಲ್ಲಿ ಕಸ ಎತ್ತಿದರು, ನೀರು ಬಿಟ್ಟರು, ಬಜೆಟ್ ಮಂಡಿಸಿದರು. 1888ರ ಕಾಯ್ದೆಯ ಪ್ರಕಾರ ಅಲ್ಲಿ ಕಾರ್ಯನಿರ್ವಹಣೆಯ ಅಧಿಕಾರ ಇರುವುದು ರಾಜ್ಯ ಸರ್ಕಾರ ನೇಮಿಸುವ ಆಯುಕ್ತರ ಕೈಯಲ್ಲಿ, ಮೇಯರ್ ಸಭೆ ನಡೆಸುವವರು ಮಾತ್ರ. ಹೋಟೆಲಿನ ಲೆಕ್ಕದಲ್ಲಿ ತಮ್ಮ ಊರಲ್ಲಿಲ್ಲದಿದ್ದರೂ ಶಾಖೆ ನಡೆಯಿತು, ಗಲ್ಲಾದ ಮೇಲೆ ಕೂತದ್ದು ಮ್ಯಾನೇಜರ್.

ಒಂದು ಮನೆಯ ಪರವಾನಗಿ ನಡೆಯುವ ದಾರಿ

ಪಂಚಾಯತಿಯ ಕೈಯಲ್ಲಿ ಎಷ್ಟಿದೆ ಎಂದು ತಿಳಿಯಲು ಒಂದು ಅರ್ಜಿಯ ಹಿಂದೆಯೇ ನಡೆದು ನೋಡಬಹುದು. ಗೋವಾದ ಹಳ್ಳಿಯಲ್ಲಿ ಮನೆ ಕಟ್ಟಬೇಕು. ಮೊದಲಿಗೆ ಜಮೀನಿನ ದಾಖಲೆ, ‘ಫಾರ್ಮ್ ಒಂದು–ಹದಿನಾಲ್ಕು’. ನಮ್ಮ ಪಹಣಿಯ ಸೋದರ. ಅದು ಕಂದಾಯ ಇಲಾಖೆಯದು. ಕೃಷಿ ಜಮೀನಾದರೆ ಪರಿವರ್ತನೆಯ ‘ಸನದು’ ಬೇಕು, ಅದು ಜಿಲ್ಲಾಧಿಕಾರಿ ಕಚೇರಿಯ ಕಡೆಯಿಂದ. ಆ ಜಾಗ ವಸತಿ ವಲಯವೋ, ತೋಟವೋ, ಗದ್ದೆಯೋ ಎಂಬುದನ್ನು ಹೇಳುವುದೂ, ನಕಾಶೆಗೆ ತಾಂತ್ರಿಕ ಒಪ್ಪಿಗೆ ಕೊಡುವುದೂ ನಗರ ಮತ್ತು ಗ್ರಾಮ ಯೋಜನಾ ಇಲಾಖೆ. ಆರೋಗ್ಯ ಕೇಂದ್ರದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ). ಇಷ್ಟೆಲ್ಲ ಕೈಯಲ್ಲಿ ಹಿಡಿದ ಮೇಲೆ ಪಂಚಾಯತಿಗೆ ಅರ್ಜಿ, ಮಾಸಿಕ ಸಭೆಯಲ್ಲಿ ಠರಾವು (ನಿರ್ಣಯ), ಶುಲ್ಕ, ಪರವಾನಗಿ. ಪಂಚಾಯತಿ ಒಲ್ಲೆ ಎಂದರೆ ಪಂಚಾಯತಿ ನಿರ್ದೇಶನಾಲಯದ ಅಧಿಕಾರಿಗೆ ಮೇಲ್ಮನವಿ.

ಪಂಚಾಯತಿ ಈ ಸರಪಳಿಯ ಕೊನೆಯ ಕೊಂಡಿ. ದೊಡ್ಡ ಕಟ್ಟಡ ಎದ್ದು ಊರಿನ ಬಾವಿ ಬತ್ತಿದಾಗ ಜನ ಕೂಗುವುದು ಪಂಚಾಯತಿಯ ಅಧ್ಯಕ್ಷನಾದ ಸರ್‌ಪಂಚನ ಮೇಲೆ. ಊಟಕ್ಕೆ ಉಪ್ಪು ಹೆಚ್ಚಾದರೆ ಬಡಿಸುವವನಿಗೆ ಬೈದಂತೆ. ಹಾಗೆಂದು ಪಂಚಾಯತಿ ಪೂರ್ತಿ ನಿರ್ದೋಷಿ ಎಂದೂ ಅಲ್ಲ. ಪರವಾನಗಿಯ ನಂತರ ಕೆಲಸ ನಕಾಶೆಯಂತೆ ನಡೆಯುತ್ತಿದೆಯೇ ಎಂದು ನೋಡುವುದು, ಅನಧಿಕೃತ ಕಟ್ಟಡಕ್ಕೆ ನೋಟಿಸ್ ಕೊಡುವುದು ಅದರದೇ ಕೆಲಸ. ನಕಾಶೆ ಓದಬಲ್ಲ ಎಂಜಿನಿಯರ್ ಅದರ ಬಳಿ ಇಲ್ಲ, ಅಷ್ಟೆ.

ಊರಿನ ನಕಾಶೆ ಊರಿಗೆ ಬಂದ ಸಂದರ್ಭವೂ ಇದೆ. 2006ರಲ್ಲಿ ಹೊರಬಂದ ‘ಪ್ರಾದೇಶಿಕ ಯೋಜನೆ 2011’ಕ್ಕೆ ಭಾರೀ ವಿರೋಧ ಎದ್ದು, 2007ರ ಜನವರಿಯಲ್ಲಿ ಸರ್ಕಾರ ಅದನ್ನು ಹಿಂದೆಗೆದುಕೊಂಡಿತು. ಮುಂದಿನ ‘ಯೋಜನೆ 2021’ಕ್ಕಾಗಿ ಕರಡು ನಕಾಶೆಗಳನ್ನು ಹಳ್ಳಿಗಳಿಗೆ ಕಳಿಸಿ ಅಭಿಪ್ರಾಯ ಕೇಳಿದರು. ಎಲ್ಲಿ ತೋಡು ಇದೆ, ಎಲ್ಲಿ ಖಾಜನ್ ಗದ್ದೆ (ಉಪ್ಪುನೀರಿಗೆ ಒಡ್ಡು ಕಟ್ಟಿ ಉಳಿಸಿಕೊಂಡ ತಗ್ಗುಗದ್ದೆ) ಇದೆ ಎಂದು ಊರವರು ತೋರಿಸಿದರು. ಆದರೂ ಅದು ಅಭಿಪ್ರಾಯ. ಕೊನೆಯ ಸಹಿ ಇಲಾಖೆಯದು.

ಕೈಯಾಳು ಮತ್ತು ಕಾಸು

ಪಂಚಾಯತಿಯ ಕಾರ್ಯದರ್ಶಿ ಸರ್ಕಾರಿ ನೌಕರ. ವರ್ಗಾವಣೆ ನಿರ್ದೇಶನಾಲಯದಿಂದ, ಮೇಲ್ವಿಚಾರಣೆ ಬಿಡಿಓ (ಬ್ಲಾಕ್ ಅಭಿವೃದ್ಧಿ ಅಧಿಕಾರಿ) ಅವರದು. ಸರ್‌ಪಂಚನ ಠರಾವು ಒಂದು ಕಡೆ, ಬಿಡಿಓ ಪತ್ರ ಇನ್ನೊಂದು ಕಡೆ ಎಳೆದರೆ ಕಾರ್ಯದರ್ಶಿ ಯಾವ ಕಡೆ ವಾಲುತ್ತಾನೆ ಎಂದು ಹೇಳಬೇಕಾಗಿಲ್ಲ. ಸರ್‌ಪಂಚನ ಕುರ್ಚಿಯೂ ಗಟ್ಟಿಯಲ್ಲ. ಗೋವಾದಲ್ಲಿ ಊರಿನ ಗಾತ್ರಕ್ಕೆ ತಕ್ಕಂತೆ 5ರಿಂದ 11 ಪಂಚರು; ಅವರೇ ತಮ್ಮಲ್ಲೊಬ್ಬರನ್ನು ಸರ್‌ಪಂಚ್ ಮಾಡುತ್ತಾರೆ. ಒಂಬತ್ತು ಪಂಚರಲ್ಲಿ ಐದು–ನಾಲ್ಕು ಎಂದಿದ್ದರೆ ಒಬ್ಬರು ಆಚೆ ಹೋದರೆ ಸಾಕು, ಅವಿಶ್ವಾಸ. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಈಗ ಸರ್‌ಪಂಚನನ್ನು ಮತದಾರರೇ ನೇರವಾಗಿ ಆರಿಸುವುದರಿಂದ ಆ ಆಟ ಅಷ್ಟು ಸುಲಭವಲ್ಲ.

ಕಾಸಿನ ವಿಷಯ. ಪಂಚಾಯತಿಯ ಸ್ವಂತ ಆದಾಯ ಘರಪಟ್ಟಿ, ವ್ಯಾಪಾರ ಪರವಾನಗಿ, ಕಟ್ಟಡ ಶುಲ್ಕ, ಸಂತೆಯ ಬಾಡಿಗೆ. ಇದರ ಮೇಲೆ ರಾಜ್ಯದ ಅನುದಾನ, ಕೇಂದ್ರ ಹಣಕಾಸು ಆಯೋಗದ ಅನುದಾನ. 15ನೇ ಆಯೋಗ 2021–26ಕ್ಕೆ ಕೊಟ್ಟ ಹಣದಲ್ಲಿ ಶೇ 60 ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟುಬಿದ್ದದ್ದು. ಉಳಿದ ಶೇ 40 ಮುಕ್ತ, ಆದರೆ ಸಂಬಳಕ್ಕೆ ಬಳಸುವಂತಿಲ್ಲ. ಹಾಗಾಗಿ ಖಾತೆಯಲ್ಲಿ ಹಣವಿದ್ದೂ ಗಟಾರ ಬಳಿಯುವ ಇಬ್ಬರಿಗೆ ಕಾಯಂ ಪಗಾರ ಕೊಡಲಾಗದ ಸ್ಥಿತಿ ಬರಬಹುದು.

ಕಾಸಿನ ನಲ್ಲಿ ಯಾರ ಕೈಯಲ್ಲಿದೆ ಎಂಬುದು ದೊಡ್ಡವರನ್ನೂ ಬಿಡುವುದಿಲ್ಲ. ಮುಂಬಯಿ ಪಾಲಿಕೆಯ ಅತಿ ದೊಡ್ಡ ಆದಾಯ ಜಕಾತಿ, ಅಂದರೆ ನಗರದೊಳಕ್ಕೆ ಬರುವ ಸರಕಿನ ಮೇಲಿನ ಸುಂಕ, ಆಗಿತ್ತು, ವರ್ಷಕ್ಕೆ ಸುಮಾರು 7 ಸಾವಿರ ಕೋಟಿ ರೂಪಾಯಿ, ತನ್ನದೇ ನಾಕಾಗಳಲ್ಲಿ ತಾನೇ ಎತ್ತಿದ ಹಣ. 2017ರ ಜುಲೈ 1ರಿಂದ ಜಿಎಸ್‌ಟಿ ಬಂದು ಜಕಾತಿ ಹೋಯಿತು. ಬದಲಿಗೆ ರಾಜ್ಯದಿಂದ ಪರಿಹಾರ ಬರುತ್ತದೆ. ಮೊತ್ತ ಕಡಿಮೆಯಾಗದಿದ್ದರೂ, ದುಡಿದು ತರುವುದಕ್ಕೂ ಅಪ್ಪನಿಂದ ಪಡೆಯುವುದಕ್ಕೂ ಇರುವ ಅಂತರ ಉಳಿದೇ ಇರುತ್ತದೆ.

ಹೊರಗಿನವರು ಎಡವಿದ ಕಡೆ

ಸರ್ವಾಧಿಕಾರಿ ಮಾರ್ಕೋಸ್ 1986ರಲ್ಲಿ ಓಡಿಹೋದ ಮೇಲೆ ಫಿಲಿಪೀನ್ಸ್ 1991ರಲ್ಲಿ ಸ್ಥಳೀಯ ಸರ್ಕಾರ ಸಂಹಿತೆ ತಂದಿತು. ರಾಷ್ಟ್ರೀಯ ತೆರಿಗೆಯಲ್ಲಿ ಶೇ 40 ಕೆಳಕ್ಕೆ. ಅದರಲ್ಲಿ ಪ್ರಾಂತ್ಯಗಳಿಗೆ ಶೇ 23, ನಗರಗಳಿಗೆ ಶೇ 23, ಪುರಸಭೆಗಳಿಗೆ ಶೇ 34, ‘ಬರಂಗಾಯ್’ ಎಂಬ ಗ್ರಾಮ ಹಂತಕ್ಕೆ ಶೇ 20. ಲೆಕ್ಕ ಕಾನೂನಿನಲ್ಲೇ ಬರೆದಿದ್ದರಿಂದ ಯಾರ ಬಾಗಿಲೂ ತಟ್ಟಬೇಕಾಗಿರಲಿಲ್ಲ. ತೊಡಕು ಬೇರೆಡೆ ಬಂತು. ಆಸ್ಪತ್ರೆಗಳನ್ನು, ಅವುಗಳ ನೌಕರರ ಸಂಬಳದ ಸಮೇತ, ಪ್ರಾಂತ್ಯಗಳಿಗೆ ವಹಿಸಿದರು. ಹಣ ಹಂಚುವ ಸೂತ್ರ ನೋಡಿದ್ದು ಜನಸಂಖ್ಯೆ ಮತ್ತು ವಿಸ್ತೀರ್ಣವನ್ನು, ಯಾರ ತಲೆಗೆ ಎಷ್ಟು ಆಸ್ಪತ್ರೆ ಬಿತ್ತು ಎಂಬುದನ್ನಲ್ಲ. ನಗರಗಳ ಕೈಯಲ್ಲಿ ಹಣ ಉಳಿಯಿತು, ಪ್ರಾಂತ್ಯಗಳು ಸಂಬಳಕ್ಕೆ ಪರದಾಡಿದವು.

ಇಂಡೋನೇಷ್ಯಾದಲ್ಲಿ ಸರ್ವಾಧಿಕಾರಿ ಸುಹಾರ್ತೊ 1998ರಲ್ಲಿ ಇಳಿದರು. 1999ರ ಎರಡು ಕಾಯ್ದೆಗಳು 2001ರ ಜನವರಿಯಿಂದ ಜಾರಿಯಾಗಿ, ಸುಮಾರು 20 ಲಕ್ಷ ನೌಕರರು ಕೇಂದ್ರದಿಂದ ಪ್ರದೇಶಗಳ ಅಧೀನಕ್ಕೆ ಹೋದರು. ಹೊಸ ಜಿಲ್ಲೆಯಾದರೆ ಹೊಸ ಕಚೇರಿ, ಹೊಸ ಅನುದಾನ ಎಂದು ತಿಳಿದ ಕೂಡಲೇ ಜಿಲ್ಲೆಗಳು ಒಡೆಯತೊಡಗಿದವು. ಸುಮಾರು 300 ಇದ್ದದ್ದು ಒಂದೂವರೆ ದಶಕದಲ್ಲಿ 500ರ ಸುಮಾರಿಗೆ ಬಂತು. ಸ್ಥಳೀಯ ನಾಯಕರಿಗೆ ಜನ ಇಟ್ಟ ಹೆಸರು ‘ಪುಟ್ಟ ರಾಜರು’. ಪಾಳೆಯಗಾರರು ಎಂದರೆ ನಮಗೆ ಬೇಗ ಅರ್ಥವಾಗುತ್ತದೆ.

ಪೋಲೆಂಡ್ ಹಿಡಿದದ್ದು ಬೇರೆ ದಾರಿ. 1990ರ ಮಾರ್ಚ್‌ನಲ್ಲಿ ಕಾಯ್ದೆ, ಮೇ 27ರಂದು ಚುನಾವಣೆ, ಜೊತೆಗೇ ‘ಗ್ಮಿನಾ’ ಎಂಬ ಕೆಳಹಂತದ ಸ್ಥಳೀಯ ಸಂಸ್ಥೆಗಳ ಹೆಸರಿಗೆ ಆಸ್ತಿ ವರ್ಗ. ಮೇಲಿನ ಎರಡು ಹಂತಗಳನ್ನು ಅವರು ಕಟ್ಟಿದ್ದು 1999ರಲ್ಲಿ, ಕೆಳಗಿನದು ಒಂಬತ್ತು ವರ್ಷ ಓಡಿದ ಮೇಲೆ. ಕಟ್ಟಡ, ಜಾಗ ಪಂಚಾಯತಿಯ ಹೆಸರಿನಲ್ಲೇ ಇದ್ದರೆ ಏನು ಲಾಭ ಎಂಬುದು, ಗೋವಾದಲ್ಲಿ ಒಣಕಸ ವಿಂಗಡಿಸುವ ಶೆಡ್ಡಿಗೆ ಜಾಗ ಹುಡುಕಿ ಅಲೆದ ಯಾವ ಪಂಚನಿಗಾದರೂ ಗೊತ್ತು.

ಗ್ರಾಮಸಭೆಯಲ್ಲಿ ಕೇಳುವ ಬಗೆ

ಇಷ್ಟು ತಿಳಿದ ಮೇಲೆ ಹಿಂದಿನ ಸಾಲಿನ ಪ್ರಶ್ನೆಯನ್ನು ಬೇರೆ ರೀತಿ ಕೇಳಬಹುದು. ‘ದೀಪ ಯಾಕಿಲ್ಲ’ ಎಂದರೆ ‘ನಮ್ಮದಲ್ಲ’ ಎಂಬ ಉತ್ತರಕ್ಕೆ ದಾರಿ. ‘ವಿದ್ಯುತ್ ಇಲಾಖೆಗೆ ಪಂಚಾಯತಿ ಯಾವ ತಾರೀಖಿಗೆ ಪತ್ರ ಬರೆದಿದೆ, ಜಾವಕ್ (ಹೊರಹೋದ ಪತ್ರದ) ನಂಬರು ಎಷ್ಟು’ ಎಂದರೆ ಕಾರ್ಯದರ್ಶಿ ರಿಜಿಸ್ಟರ್ ತೆಗೆಯಬೇಕಾಗುತ್ತದೆ. ಗಟಾರಕ್ಕೆ ಹಣವಿಲ್ಲ ಎಂದರೆ, ಈ ವರ್ಷದ ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಯಲ್ಲಿ ಆ ಓಣಿ ಸೇರಿದೆಯೇ ನೋಡಿ. ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಯೋಜನೆಯೂ ಖರ್ಚೂ ಪಂಚಾಯತಿವಾರು ಸಿಗುತ್ತವೆ. ಯೋಜನೆಯಲ್ಲಿ ಇಲ್ಲದ ಕೆಲಸಕ್ಕೆ ನಡುವರ್ಷ ಹಣ ಕೇಳಿ ಗಂಟಲು ಹರಿದುಕೊಳ್ಳುವುದು ವ್ಯರ್ಥ. ಅದನ್ನು ಸೇರಿಸುವ ಸಮಯ ಮುಂದಿನ ಯೋಜನೆಯ ಗ್ರಾಮಸಭೆ.

ಕಾಮಗಾರಿಗಳ ಮೇಲೆ ಕಣ್ಣಿಡಲು ಗ್ರಾಮಸಭೆ ಮೇಲ್ವಿಚಾರಣಾ ಸಮಿತಿಗಳನ್ನು ಮಾಡಬೇಕು ಎಂದು ಗೋವಾ ಕಾಯ್ದೆ ಹೇಳುತ್ತದೆ. ಸಮಿತಿ ಇದೆಯೇ, ಯಾರಿದ್ದಾರೆ ಎಂದು ಕೇಳಿ, ಇಲ್ಲದಿದ್ದರೆ ಹೆಸರು ಕೊಡಿ. ಭಾಷೆ ತೊಡಕಾದರೆ ವಿಷಯವನ್ನು ನಾಲ್ಕು ಸಾಲು ಕೊಂಕಣಿಯಲ್ಲೋ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರೆಸಿ, ಸಭೆಗೆ ಮೊದಲೇ ಕಚೇರಿಯಲ್ಲಿ ಕೊಟ್ಟು ಪ್ರತಿಯ ಮೇಲೆ ಸಿಕ್ಕೆ (ಮೊಹರು) ಹಾಕಿಸಿಕೊಳ್ಳಿ. ಸಭೆಯಲ್ಲಿ ಆದ ಮಾತು ಠರಾವಾಗಿ ನಡಾವಳಿ ಪುಸ್ತಕಕ್ಕೆ ಹೋಯಿತೇ ಎಂದು ಅಲ್ಲೇ ಓದಿಸಿ ಕೇಳಿ. ಪ್ರತಿ ಕೊಡದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ, 30 ದಿನದೊಳಗೆ ಉತ್ತರ. ಮುಂದಿನ ಗ್ರಾಮಸಭೆ ಶುರುವಾಗುವುದು ಹಿಂದಿನ ನಡಾವಳಿ ಓದುವುದರಿಂದ. ಆ ಹೊತ್ತಿಗೆ ಸಭೆಯಲ್ಲಿ ಜನ ಕಡಿಮೆ, ಚಹಾ ಇನ್ನೂ ಬಂದಿರುವುದಿಲ್ಲ. ಠರಾವು ಹಾಕಿಸಿದವರು ಕೂತಿರಬೇಕಾದದ್ದು ಆಗಲೇ.